ಹಳೆಯ ಡೀಸೆಲ್ಲೋ ಹಳೆಯ ಪೆಟ್ರೋಲೋ: ಎರಡು ಚಿಕ್ಕ ಕಾರುಗಳನ್ನು ಸಾಕಿದ ಲೆಕ್ಕ

ಡೀಸೆಲ್ ಕಾರು ತಗೊಂಡಿದ್ದು ಮೈಲೇಜಿನ ಆಸೆಗೆ, ಮಾರಿದ್ದು ರಿಪೇರಿ ಖರ್ಚು ತಾಳಲಾರದೆ. ಮಧ್ಯೆ 26 ತಿಂಗಳು, 19,000 ಕಿ.ಮೀ. ಆಮೇಲೆ ತಂದ ಪೆಟ್ರೋಲ್ ಕಾರು ಮೂರು ವರ್ಷದಿಂದ ಮನೆ ಮುಂದೆ ನಿಂತಿದೆ, ಅದರಲ್ಲಿ 27,000 ಕಿ.ಮೀ. ಓಡಾಡಿದ್ದೇನೆ. ಎರಡೂ ಚಿಕ್ಕ ಹ್ಯಾಚ್‌ಬ್ಯಾಕ್, ಎರಡೂ ಮ್ಯಾನುಯಲ್ ಗೇರು, ತಗೊಂಡಾಗ ಡೀಸೆಲ್‌ಗೆ 8 ವರ್ಷ, ಪೆಟ್ರೋಲ್‌ಗೆ 9. ಓಡಾಟವೂ ಬದಲಾಗಿಲ್ಲ. ಕೆಲಸಕ್ಕೆ ಹೋಗಲು 9 ಕಿ.ಮೀ., ಬರಲು 9 ಕಿ.ಮೀ., ಅದೂ ಸಿಗ್ನಲ್ಲುಗಳ ನಡುವೆ. ತಿಂಗಳಿಗೊಮ್ಮೆ ದೂರದ ಪ್ರಯಾಣ.

ಖರ್ಚನ್ನು ನಾನು ಬರೆದಿಟ್ಟಿದ್ದು ಲೀಟರ್‌ನಲ್ಲಿ. ಗ್ಯಾರೇಜಿನ ಬಿಲ್ಲು ಬಂದ ದಿನ, ಅದೇ ದುಡ್ಡಿಗೆ ಎಷ್ಟು ಲೀಟರ್ ಇಂಧನ ಬರುತ್ತಿತ್ತು ಅಂತ ಪಕ್ಕದಲ್ಲಿ ಬರೆಯುತ್ತಿದ್ದೆ. ಮೈಲೇಜಿನಿಂದ ಉಳಿದದ್ದು ಎಷ್ಟು, ರಿಪೇರಿ ತಿಂದದ್ದು ಎಷ್ಟು ಅಂತ ಹೋಲಿಸಲು ಇದಕ್ಕಿಂತ ಸುಲಭದ ದಾರಿ ನನಗೆ ಹೊಳೆಯಲಿಲ್ಲ.

ಮೊದಲು ಉಳಿತಾಯ ನೋಡಿ. ಡೀಸೆಲ್ ಸರಾಸರಿ ಲೀಟರ್‌ಗೆ 18 ಕಿ.ಮೀ. ಕೊಟ್ಟಿತು, ಪೆಟ್ರೋಲ್ 15. ಅಂದರೆ 10,000 ಕಿ.ಮೀ.ಗೆ ಒಂದಕ್ಕೆ 556 ಲೀಟರ್, ಇನ್ನೊಂದಕ್ಕೆ 667. ವ್ಯತ್ಯಾಸ 111 ಲೀಟರ್. ಡೀಸೆಲ್ ಇದ್ದ ಅಷ್ಟೂ ದಿನ ಸೇರಿಸಿದರೆ ಉಳಿದದ್ದು ಸುಮಾರು 211 ಲೀಟರ್. ಕೇಳೋಕೆ ಚೆನ್ನಾಗಿದೆ, ಅಲ್ವಾ?

ಕ್ಲಚ್ ಒಂದೇ 400 ಲೀಟರ್ ನುಂಗಿತು. ಎಂಜಿನ್ ಆಫ್ ಮಾಡಿದಾಗ ಕೆಳಗಿನಿಂದ ಧಡ್ ಅಂತ ಸದ್ದು, ನಿಂತಲ್ಲೇ ಓಡುತ್ತಿದ್ದಾಗ ಗಡಗಡ, ಕ್ಲಚ್ ಒತ್ತಿದರೆ ಆ ಗಡಗಡ ಬದಲಾಗುತ್ತಿತ್ತು. ಬಹಳಷ್ಟು ಡೀಸೆಲ್ ಎಂಜಿನ್‌ಗಳಲ್ಲಿ ಫ್ಲೈವೀಲ್, ಅಂದರೆ ಎಂಜಿನ್ ಜೊತೆ ತಿರುಗುವ ಭಾರದ ಚಕ್ರ, ಒಂದೇ ತುಂಡಲ್ಲ. ಎರಡು ಭಾಗ, ನಡುವೆ ಸ್ಪ್ರಿಂಗ್. ಎಂಜಿನ್ನಿನ ಹೊಡೆತ ಗೇರ್‌ಬಾಕ್ಸಿಗೆ ನೇರ ತಟ್ಟದಿರಲಿ ಅಂತ ಹಾಗೆ ಮಾಡಿರುತ್ತಾರೆ. ಆ ಸ್ಪ್ರಿಂಗ್ ಸಡಿಲವಾದರೆ ಬರೀ ಕ್ಲಚ್ ಪ್ಲೇಟ್ ಬದಲಿಸಿ ಪ್ರಯೋಜನವಿಲ್ಲ, ಪೂರ್ತಿ ಫ್ಲೈವೀಲೇ ಬದಲಾಗಬೇಕು. ಪೆಟ್ರೋಲ್ ಕಾರಿಗೂ ಕ್ಲಚ್ ಹಾಕಿಸಿದೆ. ಅದರಲ್ಲಿ ಇದ್ದದ್ದು ಸಾದಾ ಫ್ಲೈವೀಲ್, ಹಾಗಾಗಿ ಕೆಲಸ ಸುಮಾರು 100 ಲೀಟರ್‌ನಲ್ಲಿ ಮುಗಿಯಿತು.

ಆದರೆ ನನ್ನ ನಿದ್ದೆ ಕೆಡಿಸಿದ್ದು ಕ್ಲಚ್ ಅಲ್ಲ. ಒಂದು ಭಾನುವಾರ ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಮೇಲಿನ ಗೆರೆಯನ್ನೂ ದಾಟಿತ್ತು. ನಾನು ಆಯಿಲ್ ಹಾಕಿಯೇ ಇರಲಿಲ್ಲ. ಬೆರಳಿಗೆ ಹಚ್ಚಿ ಮೂಸಿದೆ, ಡೀಸೆಲ್ ವಾಸನೆ. ಬೆರಳ ನಡುವೆ ಉಜ್ಜಿದರೆ ನೀರಿನ ಹಾಗೆ ತೆಳ್ಳಗೆ.

ಕಾರಣ ಹೊಗೆ ಕೊಳವೆಯಲ್ಲಿರುವ ಡಿಪಿಎಫ್, ಅಂದರೆ ಮಸಿ ಹಿಡಿಯುವ ಫಿಲ್ಟರ್. ಹಿಡಿದ ಮಸಿಯನ್ನು ಅದು ಆಗಾಗ ಸುಟ್ಟುಕೊಳ್ಳಬೇಕು. ಅದಕ್ಕೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು, ಆ ಬಿಸಿ ಸ್ವಲ್ಪ ಹೊತ್ತು ನಿಲ್ಲಬೇಕು. ಬಿಸಿ ಏರಿಸಲು ಎಂಜಿನ್ ತಾನೇ ಜಾಸ್ತಿ ಡೀಸೆಲ್ ಚಿಮ್ಮಿಸುತ್ತದೆ. 9 ಕಿ.ಮೀ. ಓಡಿ, ಮಸಿ ಸುಡುವ ಕೆಲಸ ಇನ್ನೂ ಅರ್ಧದಲ್ಲಿರುವಾಗಲೇ ನಾನು ಕೀ ತಿರುಗಿಸಿ ಇಳಿದು ಹೋಗುತ್ತಿದ್ದೆ. ಮರುದಿನ ಮತ್ತೆ ಶುರು, ಮತ್ತೆ ಅರ್ಧ. ಉರಿಯದೆ ಉಳಿದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಇಳಿದು ಆಯಿಲ್‌ಗೆ ಸೇರುತ್ತಿತ್ತು. ಅಷ್ಟು ತೆಳ್ಳಗಿನ ಆಯಿಲ್‌ನಲ್ಲಿ ಟರ್ಬೋ, ಅಂದರೆ ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಫ್ಯಾನು, ತಿರುಗಿದರೆ ಅದರ ಬೇರಿಂಗ್ ಎಷ್ಟು ದಿನ ಬಾಳೀತು? ಅಂದಿನಿಂದ ಆಯಿಲ್ ಬದಲಾವಣೆ ಅರ್ಧ ಅವಧಿಗೇ ಮಾಡಿಸಿದೆ. ತಿಂಗಳಿಗೊಮ್ಮೆ ಹೋಗುತ್ತಿದ್ದ ದೂರದ ಪ್ರಯಾಣ ಸಾಲದೆ, ಹೆದ್ದಾರಿಯಲ್ಲಿ ಸುಮ್ನೆ ಅರ್ಧ ಗಂಟೆ ಓಡಿಸಿ ಬರಲೂ ಶುರುಮಾಡಿದೆ. ಕಾರಿನ ಆರೋಗ್ಯಕ್ಕಾಗಿ ಡೀಸೆಲ್ ಸುಡುವ ಪರಿಸ್ಥಿತಿ.

ಇಜಿಆರ್ ವಾಲ್ವಿನದ್ದೂ ಇದೇ ಕಥೆ. ಹೊಗೆಯ ಒಂದು ಪಾಲನ್ನು ಅದು ಮತ್ತೆ ಎಂಜಿನ್‌ಗೆ ಕಳಿಸುತ್ತದೆ, ಅಲ್ಲಿ ಮಸಿಗೆ ಆಯಿಲ್ ಹಬೆ ಸೇರಿ ಕಪ್ಪು ಅಂಟು ಕಟ್ಟುತ್ತದೆ. ಪಿಕಪ್ ಸತ್ತಿದೆ ಅಂತ ಬಿಚ್ಚಿಸಿದಾಗ ನಾನೂ ಬಗ್ಗಿ ನೋಡಿದೆ. ಹೆಬ್ಬೆರಳು ಹೋಗಬೇಕಾದ ತೂತಿನಲ್ಲಿ ಪೆನ್ಸಿಲ್ ತೂರುವಷ್ಟೇ ಜಾಗ ಉಳಿದಿತ್ತು, ಮಿಕ್ಕಿದ್ದನ್ನು ಮೆಕ್ಯಾನಿಕ್ ಸ್ಕ್ರೂಡ್ರೈವರ್‌ನಲ್ಲಿ ಕೆರೆದು ತೆಗೆದ. ಎರಡು ಸಲ ಕ್ಲೀನ್ ಮಾಡಿಸಿದ್ದಕ್ಕೆ 60 ಲೀಟರ್. ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸಿದಾಗ ಡೀಸೆಲ್ ಚಿಮ್ಮಿಸುವ ನಾಲ್ಕು ಇಂಜೆಕ್ಟರ್‌ಗಳಿಂದ ಮಿಕ್ಕ ಡೀಸೆಲ್ ವಾಪಸ್ ಬರುವ ಪೈಪುಗಳಿಗೆ ನಾಲ್ಕು ಚಿಕ್ಕ ಬಾಟಲಿ ಸಿಕ್ಕಿಸಿದರು. ಮೂರರಲ್ಲಿ ಕಾಲು ಭಾಗ ತುಂಬುವಷ್ಟರಲ್ಲಿ ಒಂದು ತುಂಬಿ ತುಳುಕಿತು, ಅಂದರೆ ಆ ಇಂಜೆಕ್ಟರ್ ಸೋರುತ್ತಿದೆ. ಆ ಇಂಜೆಕ್ಟರ್‌ಗೆ 130 ಲೀಟರ್. ಡೀಸೆಲ್ ತಗೊಳ್ಳುವ ಮೊದಲು ಈ ಒಂದು ಪರೀಕ್ಷೆ ಮಾಡಿಸಿ.

ಪೆಟ್ರೋಲ್ ಕಾರು ತೊಂದರೆ ಕೊಟ್ಟಿಲ್ಲ ಅಂತಲ್ಲ. ವಾಲ್ವ್‌ಗಳನ್ನು ಪಿಸ್ಟನ್ ಜೊತೆ ತಾಳಕ್ಕೆ ಓಡಿಸುವ ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದ್ದು ಅನ್ನುವುದಕ್ಕೆ ದಾಖಲೆ ಇರಲಿಲ್ಲ, ಹಾಗಾಗಿ ತಂದ ವಾರವೇ ಹೊಸದು ಹಾಕಿಸಿದೆ. ಓಡುವಾಗ ಬೆಲ್ಟ್ ಹರಿದರೆ ಬಹಳ ಎಂಜಿನ್‌ಗಳಲ್ಲಿ ಪಿಸ್ಟನ್ ಬಂದು ವಾಲ್ವ್‌ಗಳಿಗೆ ಬಡಿಯುತ್ತದೆ, ಆಮೇಲೆ ಅರ್ಧ ಎಂಜಿನ್ನನ್ನೇ ರಿಪೇರಿ ಮಾಡಿಸಬೇಕಾಗುತ್ತದೆ. ಬಿಚ್ಚಿದಾಗ ವಾಟರ್ ಪಂಪಿನ ಕೆಳಗೆ ಒಣಗಿದ ಕೂಲೆಂಟ್ ಗುಲಾಬಿ ಬಣ್ಣದ ಹಕ್ಕಳೆಯಂತೆ ಕೂತಿತ್ತು. ಪಂಪ್, ಬೆಲ್ಟ್ ಬಿಗಿ ಹಿಡಿಯುವ ಟೆನ್ಷನರ್ ಎರಡನ್ನೂ ಅವತ್ತೇ ಬದಲಿಸಿದೆ, ಬಿಚ್ಚುವ ಕೂಲಿ ಒಂದೇ ಸಲ ತಾನೇ. ಒಟ್ಟು 120 ಲೀಟರ್.

ಇನ್ನೊಂದು, ಮಿಸ್ಸಿಂಗ್, ಅಂದರೆ ಒಂದು ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದು. ಏರಿನಲ್ಲಿ ಜರ್ಕ್ ಹೊಡೆಯುತ್ತಿತ್ತು, ಎಂಜಿನ್ ಲೈಟ್ ಮಿಣುಕುತ್ತಿತ್ತು. ಒಂದನೇ ಸಿಲಿಂಡರಿನ ಇಗ್ನಿಷನ್ ಕಾಯಿಲನ್ನು (ಕಿಡಿಗೆ ಕರೆಂಟ್ ಕೊಡುವ ಭಾಗ) ಮೂರನೆಯದಕ್ಕೆ ಹಾಕಿ ನೋಡಿದೆವು, ಮಿಸ್ಸಿಂಗ್ ಕೂಡ ಮೂರನೆಯದಕ್ಕೆ ಹೋಯಿತು. ಕಾಯಿಲೇ ಕೆಟ್ಟಿದೆ ಅಂತ ಹತ್ತು ನಿಮಿಷದಲ್ಲಿ ಗೊತ್ತಾಯಿತು. ಪೆಟ್ರೋಲ್ ನನಗೆ ಇಷ್ಟವಾಗುವುದು ಇದಕ್ಕೇ. ರೋಗ ಪತ್ತೆ ಮಾಡುವುದು ಸುಲಭ, ಬಿಡಿಭಾಗ ಚಿಕ್ಕದು, ಕಾರು ಸಂಜೆಗೆ ವಾಪಸ್.

ಇಂಧನಕ್ಕೆ ಸಂಬಂಧವೇ ಇಲ್ಲದ ಖರ್ಚು ಎರಡರಲ್ಲೂ ಒಂದೇ ಥರ ಬಂತು. ಸಸ್ಪೆನ್ಷನ್ನಿನ ಲಿಂಕ್ ರಾಡ್, ಲೋಯರ್ ಆರ್ಮ್ ಬುಷ್, ಆಮೇಲೆ ಬ್ಯಾಟರಿ, ಟೈರು. ಎಂಟು ವರ್ಷ ದಾಟಿದ ಮೇಲೆ ರಬ್ಬರ್ ಅನ್ನುವುದೆಲ್ಲ ಒಂದಾದ ಮೇಲೊಂದು ಬಿರಿಯುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನ ಓಡಿಸಿದಾಗ ಟಕ್ ಟಕ್ ಅಂದರೆ ಆಕ್ಸಲ್ ಜಾಯಿಂಟ್ ಸವೆದಿದೆ. ಅದರ ರಬ್ಬರ್ ಕವರ್ ಹರಿದಾಗಲೇ ನೋಡಿದ್ದರೆ ಬರೀ ಕವರ್ ಖರ್ಚಿನಲ್ಲಿ ಹೋಗುತ್ತದೆ.

ಲೆಕ್ಕ ಕೂಡಿಸಿದಾಗ ಡೀಸೆಲ್ ತನ್ನದೇ ಆದ ರೋಗಗಳಿಗೆ 590 ಲೀಟರ್ ತಿಂದಿತ್ತು, ಹೆಚ್ಚುವರಿ ಆಯಿಲ್ ಬಿಟ್ಟು. ಉಳಿಸಿದ್ದು 211. ನಿಮ್ಮಲ್ಲಿ ಡೀಸೆಲ್ ಬೆಲೆ ಕಡಿಮೆ ಇದ್ದರೂ ಈ ಅಂತರ ತುಂಬುವುದು ಕಷ್ಟ. ದಿನಾ 60-70 ಕಿ.ಮೀ. ಹೆದ್ದಾರಿಯಲ್ಲಿ ಓಡಾಡುವವರಿಗೆ ಮಾತ್ರ ನಾನು ಈಗಲೂ ಡೀಸೆಲ್ಲೇ ಹೇಳುತ್ತೇನೆ, ದೂರದ ದಾರಿಯಲ್ಲಿ ಅದೇ ಕಾರು ಲೀಟರ್‌ಗೆ 22 ಕೊಟ್ಟಿದೆ, ಫಿಲ್ಟರ್ ತಕರಾರು ಒಮ್ಮೆಯೂ ಎತ್ತಿಲ್ಲ. ಆದರೆ ಹಿಂದಿನವರು ಎಲ್ಲಿ ಓಡಿಸಿದ್ದರು ಅಂತ ಕೇಳಿ. ನೋಡಲು ಹೋದಾಗ ಬಾನೆಟ್ ಮೇಲೆ ಕೈ ಇಡಿ. ಬಿಸಿ ಇದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ, ತಣ್ಣಗಿರುವಾಗಿನ ಮೊದಲ ಸ್ಟಾರ್ಟ್ ನೀವೇ ಮಾಡಿ.

ಪೆಟ್ರೋಲ್ ಕಾರಿನಲ್ಲಿ ಸದ್ಯ ಬಾಕಿ ಇರುವುದು ಹಿಂದಿನ ಎಡಚಕ್ರದ ಬೇರಿಂಗ್. 60 ದಾಟಿದರೆ ಗುಂಯ್ ಅನ್ನುತ್ತದೆ, ಬಲಕ್ಕೆ ತಿರುಗುವಾಗ ಜಾಸ್ತಿ. ಶನಿವಾರ ಹಾಕಿಸುತ್ತೇನೆ, 20 ಲೀಟರ್ ಅಂದಾಜು.