ಪ್ಲಾಸ್ಟರ್ ಕಾಸ್ಟ್ ನೋಡಿ ಚಿತ್ರ ಬಿಡಿಸಲು ಬೇಕಾದ ಸಾಮಗ್ರಿಗಳು: ದೀರ್ಘಕಾಲ ಬಳಸಿದ ಮೇಲಿನ ವಿಮರ್ಶೆ

ಪ್ಲಾಸ್ಟರ್ ಕಾಸ್ಟ್, ಅಂದರೆ ಶಿಲ್ಪದ ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟರ್ ಪ್ರತಿಯನ್ನು ನೋಡಿ ಬಿಡಿಸುವ ಅಭ್ಯಾಸಕ್ಕೆ ಏನು ಕೊಳ್ಳಬೇಕೆಂದು ಕೇಳಿದರೆ ಅಂಗಡಿಯವರು ಹೆಚ್ಚಾಗಿ ಪೆನ್ಸಿಲ್ ಸೆಟ್ಟೊಂದನ್ನು ಮುಂದಿಡುತ್ತಾರೆ. ಬೆಂಗಳೂರಿನ ಮನೆಯ ಒಂದು ಕೋಣೆಯಲ್ಲಿ ಕೆಲವು ವರ್ಷಗಳಿಂದ ಈ ಅಭ್ಯಾಸವನ್ನು ಮಾಡುತ್ತಿರುವ ನನ್ನ ಅಭಿಪ್ರಾಯದಲ್ಲಿ ಪೆನ್ಸಿಲ್ ಕೊನೆಯಲ್ಲಿ ಯೋಚಿಸಬೇಕಾದ ವಸ್ತು. ಒಂದೇ ಚಿತ್ರ ವಾರಗಟ್ಟಲೆ ಈಸೆಲ್ (ಚಿತ್ರವನ್ನು ನಿಲ್ಲಿಸುವ ಸ್ಟ್ಯಾಂಡ್) ಮೇಲಿರುವ ಈ ಕೆಲಸದಲ್ಲಿ, ಹಾಕಿದ ಗೆರೆಯನ್ನೂ ತುಂಬಿದ ಛಾಯೆಯನ್ನೂ ಮತ್ತೆ ಮತ್ತೆ ತಿದ್ದಲು ಒಂದು ಸಾಮಗ್ರಿ ಎಷ್ಟು ಅವಕಾಶ ಕೊಡುತ್ತದೆ ಎಂಬ ಒಂದೇ ಅಳತೆಯಿಂದ ನಾನು ಎಲ್ಲವನ್ನೂ ತೂಗಿದ್ದೇನೆ.

ಆ ಅಳತೆಯಲ್ಲಿ ಕಡ್ಡಿ ಇದ್ದಿಲಿಗೆ ಸಮನಾದದ್ದು ಇಲ್ಲ. ವಿಲೋ ಮರದ ಅಥವಾ ದ್ರಾಕ್ಷಿ ಬಳ್ಳಿಯ ಕಡ್ಡಿಗಳನ್ನು ಗಾಳಿಯಾಡದಂತೆ ಮುಚ್ಚಿ ಸುಟ್ಟು ಮಾಡುವ ಈ ಇದ್ದಿಲಿನಲ್ಲಿ ಅಂಟು ಇರುವುದಿಲ್ಲವಾದ್ದರಿಂದ, ಮೆದು ಚರ್ಮದ ತುಂಡಿನಿಂದ ಒಮ್ಮೆ ಒರೆಸಿದರೆ ಛಾಯೆಯ ಬಹುಭಾಗ ಕಾಗದವನ್ನು ಬಿಟ್ಟು ಬರುತ್ತದೆ. ಪುಡಿಗೆ ಅಂಟು ಬೆರೆಸಿ ಒತ್ತಿ ತಯಾರಿಸುವ ಇದ್ದಿಲು ಹೆಚ್ಚು ಕಪ್ಪಾಗಿರುತ್ತದೆ, ಆದರೆ ಹಾಗೆ ಸುಲಭವಾಗಿ ಅಳಿಯುವುದಿಲ್ಲ. ಅದನ್ನು ನಾನು ಚಿತ್ರದ ಕೊನೆಯ ಹಂತದಲ್ಲಿ, ಅತಿ ಗಾಢವಾದ ಒಂದೆರಡು ಜಾಗಗಳಿಗಷ್ಟೇ ಮೀಸಲಿಟ್ಟಿದ್ದೇನೆ. ಕಡ್ಡಿ ಇದ್ದಿಲಿನಲ್ಲೂ ಗುಣಮಟ್ಟ ಒಂದೇ ಸಮ ಇರುವುದಿಲ್ಲ. ಅಗ್ಗದ ಪೆಟ್ಟಿಗೆಯೊಂದರಲ್ಲಿ ಸರಿಯಾಗಿ ಸುಡದ ಕಡ್ಡಿಗಳು ಸೇರಿದ್ದು, ಅವುಗಳ ಗಟ್ಟಿ ಕಣಗಳು ಕಾಗದವನ್ನು ಗೀರಿ ಅಳಿಸಲಾಗದ ಗುರುತು ಬಿಟ್ಟಿದ್ದುಂಟು. ನಿತ್ರಾಮ್ ಹೆಸರಿನ ಚೌಕ ಕಡ್ಡಿಗಳು ಎಚ್, ಎಚ್‌ಬಿ, ಬಿ ಎಂಬ, ಗಟ್ಟಿಯಿಂದ ಮೆದುವಿನತ್ತ ಸಾಗುವ ಗಡಸಿನ ಶ್ರೇಣಿಗಳಲ್ಲಿ ಸಿಗುತ್ತವೆ. ಉಪ್ಪುಕಾಗದದ ಮೇಲೆ ತೀಡಿದರೆ ಸೂಜಿಯಂಥ ಮೊನೆ ಬರುತ್ತದೆ ಮತ್ತು ಆ ಮೊನೆ ಬೇಗ ಮುರಿಯುವುದಿಲ್ಲ. ಹೊರದೇಶದಿಂದ ಬರುವುದರಿಂದ ಬೆಲೆ ಜಾಸ್ತಿ, ನಿಜ. ಆದರೂ ಎಚ್‌ಬಿಯ ಒಂದು ಪೆಟ್ಟಿಗೆ ಬಹುಕಾಲ ಬಾಳುತ್ತದೆ. ಎಲ್ಲ ಶ್ರೇಣಿಗಳನ್ನೂ ಒಟ್ಟಿಗೆ ಕೊಳ್ಳುವ ಅಗತ್ಯ ನನಗೆ ಕಂಡಿಲ್ಲ.

ಗ್ರಾಫೈಟ್ ಪೆನ್ಸಿಲ್ ಅನ್ನು ಹಿಂದಕ್ಕೆ ತಳ್ಳಿದ್ದೇಕೆಂದರೆ, ಗಾಢ ಭಾಗಗಳಲ್ಲಿ ಅದು ಹೊಳೆಯುತ್ತದೆ. ಪ್ಲಾಸ್ಟರಿನ ನೆರಳಿಗೆ ಹೊಳಪೆಂಬುದೇ ಇಲ್ಲ.

ಕಾಗದದ ವಿಷಯದಲ್ಲಿ ಹಣ ಉಳಿಸಲು ಹೋಗಬಾರದು. ನಮ್ಮ ಸ್ಟೇಷನರಿ ಅಂಗಡಿಗಳಲ್ಲೆಲ್ಲ ಸಿಗುವ ಐವರಿ ಶೀಟ್ ತೀರ ನುಣುಪಾದ್ದರಿಂದ ಇದ್ದಿಲು ಅದರ ಮೇಲೆ ಜಾರುತ್ತದೆ, ಎರಡನೆಯ ಪದರವಂತೂ ಕೂರುವುದೇ ಇಲ್ಲ. ಸಾಧಾರಣ ಕಾರ್ಟ್ರಿಡ್ಜ್ ಶೀಟ್ ಮೊದಲ ದಿನಗಳಲ್ಲಿ ಚೆನ್ನಾಗಿಯೇ ಇದ್ದು, ಕೆಲವು ಸಲ ಅಳಿಸಿದೊಡನೆ ನಾರು ಎದ್ದು ಮಂಕಾಗುತ್ತದೆ. 160 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ತೂಕದ ಕ್ಯಾನ್ಸನ್ ಮಿ-ಟೆಂಟ್ಸ್ ಕಾಗದಕ್ಕೆ ಒಂದು ಬದಿಯಲ್ಲಿ ಜೇನುಗೂಡಿನಂಥ ಎದ್ದುಕಾಣುವ ವಿನ್ಯಾಸವೂ ಮತ್ತೊಂದು ಬದಿಯಲ್ಲಿ ಸಣ್ಣ ತರಿಯೂ ಇರುತ್ತವೆ. ಕೆನ್ನೆ ಅಥವಾ ಹಣೆಯ ಮೇಲೆ ನಿಧಾನವಾಗಿ ತಿರುಗುವ ಛಾಯೆಗೆ ಈ ಎರಡನೆಯ ಬದಿಯೇ ತಕ್ಕದ್ದು. ಬೂದು ಕಾಗದ ಬಳಸುವವರು ಬಿಳಿ ಸೀಮೆಸುಣ್ಣವನ್ನು ಬೆಳಕಿನ ಭಾಗಕ್ಕಷ್ಟೇ ಇಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಅದು ಇದ್ದಿಲಿನೊಡನೆ ಬೆರೆತ ಕಡೆ ನೀಲಿ ಛಾಯೆಯ ಬೂದು ಬಣ್ಣ ಹುಟ್ಟಿ ಉಳಿದ ಭಾಗಕ್ಕೆ ಹೊಂದದೆ ಹೋಗುತ್ತದೆ.

ಇನ್ನು ಕಾಸ್ಟ್. ಬಣ್ಣ ಬಳಿಯದ, ಹೊಳಪಿಲ್ಲದ ಪ್ಲಾಸ್ಟರನ್ನೇ ಆರಿಸಬೇಕು. ಎಣ್ಣೆ ಬಣ್ಣ ಅಥವಾ ವಾರ್ನಿಷ್ ಬಳಿದ ಮೇಲ್ಮೈಯಲ್ಲಿ ಹೊಳಪಿನ ಚುಕ್ಕೆಗಳು ನಾವು ತಲೆ ಅಲುಗಿಸಿದಂತೆಲ್ಲ ಜಾಗ ಬದಲಿಸುವುದರಿಂದ ರೂಪವನ್ನು ಓದುವುದೇ ಕಷ್ಟವಾಗುತ್ತದೆ. ಮೈಕೆಲೆಂಜೆಲೊನ ಡೇವಿಡ್ ಶಿಲ್ಪದ ಕಣ್ಣು, ಮೂಗು, ತುಟಿ, ಕಿವಿಗಳ ಬಿಡಿ ಕಾಸ್ಟ್‌ಗಳು ಆರಂಭಕ್ಕೆ ಪ್ರಸಿದ್ಧವಾಗಿವೆ. ತರಿಸಿಕೊಳ್ಳುವ ಖರ್ಚು ಮತ್ತು ದಾರಿಯಲ್ಲಿ ಒಡೆಯುವ ಭಯ ಬೇಡವೆನ್ನುವವರಿಗೆ, ಫಾಲ್ಸ್ ಸೀಲಿಂಗ್ ಕೆಲಸದವರ ಬಳಿ ಸಿಗುವ ಪಿಓಪಿ ಹೂಬಳ್ಳಿಯ ತುಂಡನ್ನು ನಾನು ಧೈರ್ಯವಾಗಿ ಸೂಚಿಸುತ್ತೇನೆ. ಯುರೋಪಿನ ಕಲಾಶಾಲೆಗಳಲ್ಲೂ ಮುಖಕ್ಕೆ ಮೊದಲು ಎಲೆ-ಬಳ್ಳಿಯ ಅಲಂಕಾರಗಳನ್ನು ಬಿಡಿಸುವ ರೂಢಿಯಿತ್ತು. ಕೋಪನ್‌ಹೇಗನ್‌ನ ರಾಷ್ಟ್ರೀಯ ಕಲಾ ಸಂಗ್ರಹಾಲಯವು ತನ್ನ ಕಾಸ್ಟ್‌ಗಳ ಮೂರು ಆಯಾಮದ ಸ್ಕ್ಯಾನ್‌ಗಳನ್ನು ಉಚಿತವಾಗಿ ಕೊಟ್ಟಿರುವುದರಿಂದ 3ಡಿ ಪ್ರಿಂಟರಿನಲ್ಲಿ ಮುದ್ರಿಸಿಕೊಳ್ಳುವ ದಾರಿಯೂ ಇದೆ, ಆದರೆ ಪದರದ ಗೆರೆಗಳನ್ನು ತೀಡಿ ಮಟ್ಟಸ ಮಾಡಿ, ಹೊಳಪಿಲ್ಲದ ಬಿಳಿ ಪ್ರೈಮರ್ ಬಳಿಯದಿದ್ದರೆ ಅದು ಪ್ಲಾಸ್ಟರಿನಂತೆ ಬೆಳಕನ್ನು ಹಿಡಿಯುವುದಿಲ್ಲ. ಪ್ಲಾಸ್ಟರ್ ಎಂದರೆ ಗಟ್ಟಿಯಾದ ಜಿಪ್ಸಂ. ಅದು ನೀರಿನಲ್ಲಿ ಅಲ್ಪಸ್ವಲ್ಪ ಕರಗುತ್ತದೆಯಾದ್ದರಿಂದ ತೊಳೆಯದೆ, ಮೆದು ಬ್ರಷ್ಷಿನಿಂದ ಧೂಳು ತೆಗೆದರೆ ಸಾಕು.

ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ಬೆಳಕು. ನೆರಳಿನ ಅಂಚು ಗಂಟೆಗಂಟೆಗೂ ಸರಿಯುತ್ತಿದ್ದರೆ ನಿನ್ನೆಯ ಛಾಯೆಯನ್ನು ಇಂದು ತಿದ್ದುವುದು ಹೇಗೆ? ಉತ್ತರದ ಕಿಟಕಿಯ ಪಕ್ಕ ಕುಳಿತುಕೊಳ್ಳಿ ಎಂಬ ಹಳೆಯ ಸಲಹೆ ಯುರೋಪಿನ ಅಕ್ಷಾಂಶಗಳಲ್ಲಿ ಹುಟ್ಟಿದ್ದು. ಸುಮಾರು 13 ಡಿಗ್ರಿ ಉತ್ತರದಲ್ಲಿರುವ ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯನೇ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಮಧ್ಯಾಹ್ನದ ಬಿಸಿಲನ್ನು ಸಜ್ಜೆ ತಡೆದರೂ ಬೆಳಗಿನ ಮತ್ತು ಸಂಜೆಯ ಓರೆ ಬಿಸಿಲು ಉತ್ತರದ ಕಿಟಕಿಯಿಂದಲೇ ಒಳಬರುತ್ತದೆ. ಆದ್ದರಿಂದ ನಾನು ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ, 5000 ಕೆಲ್ವಿನ್ ವರ್ಣತಾಪದ (ಹಗಲಿನಂಥ ಬಿಳಿ ಬೆಳಕಿನ), 90ಕ್ಕಿಂತ ಹೆಚ್ಚು ಸಿಆರ್‌ಐ (ಬಣ್ಣಗಳನ್ನು ಸಹಜವಾಗಿ ತೋರಿಸುವ ಗುಣದ ಅಳತೆ) ಇರುವ ಒಂದೇ ಎಲ್‌ಇಡಿ ದೀಪವನ್ನು ಮೇಲ್ಗಡೆ ಒಂದು ಪಕ್ಕಕ್ಕೆ ನಿಲ್ಲಿಸಿಕೊಂಡಿದ್ದೇನೆ. ದೀಪವನ್ನು ತೀರ ಹತ್ತಿರ ತಂದರೆ ಕಾಸ್ಟ್‌ನ ತಲೆ ಬೆಳಗಿ ಬುಡ ಕತ್ತಲಾಗುತ್ತದೆ. ದೂರ ಸರಿಸಿದಷ್ಟೂ ಬೆಳಕು ಸಮವಾಗುತ್ತದೆ. ಕಾಗದವನ್ನು ಕಾಸ್ಟ್‌ನ ಪಕ್ಕದಲ್ಲೇ ನಿಲ್ಲಿಸಿ, ಎರಡೂ ಒಂದೇ ಎತ್ತರಕ್ಕೆ ಕಾಣುವಂತೆ ದೂರದಿಂದ ಹೋಲಿಸುವ ಸೈಟ್-ಸೈಜ್ ಕ್ರಮದಲ್ಲಿ ಈ ಒಂದೇ ದೀಪ ಎರಡಕ್ಕೂ ಸಾಕಾಗುತ್ತದೆ. ಆಗ ಈಸೆಲ್‌ನ ಕಾಲುಗಳ ಜಾಗವನ್ನೂ ನಮ್ಮ ಪಾದಗಳ ಜಾಗವನ್ನೂ ನೆಲದ ಮೇಲೆ ಟೇಪ್ ಅಂಟಿಸಿ ಗುರುತು ಮಾಡಲೇಬೇಕು. ಮನೆಯವರು ಗುಡಿಸುವಾಗ ಸ್ವಲ್ಪ ಸರಿದರೂ ಹಿಂದಿನ ಅಳತೆಗಳೆಲ್ಲ ತಪ್ಪುತ್ತವೆ.

ಉಳಿದವು ಸಣ್ಣಪುಟ್ಟ ವಸ್ತುಗಳು. ಚಪಾತಿ ಹಿಟ್ಟಿನಂತೆ ನಾದಬಹುದಾದ ನೀಡಬಲ್ ಇರೇಸರ್ ಕಾಗದವನ್ನು ಉಜ್ಜದೆ ಇದ್ದಿಲನ್ನು ಎತ್ತಿಕೊಳ್ಳುತ್ತದೆ, ಕಪ್ಪಾಗಿ ಜಿಡ್ಡಾದಾಗ ಬದಲಿಸಬೇಕು. ಲಂಬ ನೋಡಲು ಗಾರೆ ಕೆಲಸದವರ ಚಿಕ್ಕ ತೂಗುಗುಂಡೊಂದು ಸಾಕು. ಕಪ್ಪು ದಾರಕ್ಕೆ ನಟ್ಟೊಂದನ್ನು ಕಟ್ಟಿದರೂ ನಡೆಯುತ್ತದೆ. ಛಾಯೆಯನ್ನು ಹರಡಲು ಬಳಸುವ, ಕಾಗದ ಸುತ್ತಿ ಮಾಡಿದ ಸ್ಟಂಪ್ ನನಗೆ ಇಷ್ಟವಿಲ್ಲ, ಅದು ಇದ್ದಿಲನ್ನು ತರಿಯೊಳಕ್ಕೆ ತುರುಕಿ ಮುಂದಿನ ತಿದ್ದುಪಡಿಯನ್ನು ಕಷ್ಟ ಮಾಡುತ್ತದೆ. ಒಣಗಿದ ಮೆದು ಬ್ರಷ್ ಅದಕ್ಕಿಂತ ಮೇಲು.

ಇದ್ದಿಲು ಉದುರದಂತೆ ಹಿಡಿದಿಡುವ ದ್ರವವಾದ ಫಿಕ್ಸೇಟಿವ್ ಸಿಂಪಡಿಸಿದರೆ ತಿಳಿ ಛಾಯೆಗಳು ತುಸು ಗಾಢವಾಗುವುದಷ್ಟೇ ಅಲ್ಲದೆ, ಅಲ್ಲಿಂದ ಮುಂದೆ ಅಳಿಸುವುದೂ ಕಷ್ಟವಾಗುತ್ತದೆ. ಹೀಗಾಗಿ ಚಿತ್ರ ಮುಗಿಯಿತೆಂದು ನಿರ್ಧರಿಸುವ ತನಕ ನಾನು ಅದರ ಡಬ್ಬಿಯನ್ನು ತೆರೆಯುವುದಿಲ್ಲ. ಮಳೆಗಾಲದಲ್ಲಿ ತೇವಕ್ಕೆ ಕಾಗದ ಸಡಿಲವಾಗುವುದರಿಂದ, ಅಪೂರ್ಣ ಚಿತ್ರವನ್ನು ಬೋರ್ಡಿಗೆ ಕ್ಲಿಪ್ ಹಾಕಿ, ಮೇಲೆ ಬಟರ್ ಪೇಪರ್ ಉಜ್ಜದಂತೆ ಇಳಿಬಿಟ್ಟು, ಹೊರಗೋಡೆಗೆ ತಾಗದ ಕಡೆ ನಿಲ್ಲಿಸಿಡುತ್ತೇನೆ.