ಡೈವಿಂಗ್ ಟಾರ್ಚಿಗೆ ಹೊಸ ಎಲ್‌ಇಡಿ: ನಿಚಿಯಾ 219ಬಿ ಹೇಗಿದೆ?

ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಸಮುದ್ರಕ್ಕಿಳಿಯುವಾಗ ನಾನು ಒಯ್ಯುವ ಟಾರ್ಚು ಗೇಣುದ್ದವೂ ಇಲ್ಲ. ಅಲ್ಯೂಮಿನಿಯಂ ಮೈ, ಒಳಗೆ ಒಂದೇ ಒಂದು 18650 ಲಿಥಿಯಂ ಸೆಲ್. ಅದರ ಬೆಳಕಿಗೆ ಕೊರತೆಯಿರಲಿಲ್ಲ, ಆದರೆ ಆ ನೀಲಿ ಛಾಯೆಯ ಬಿಳುಪಿನಲ್ಲಿ ಬಂಡೆಯ ಸಂದಿಯ ಸ್ಪಂಜುಗಳೆಲ್ಲ ಬೂದಿ ಬಳಿದುಕೊಂಡಂತೆ ಕಾಣುತ್ತಿದ್ದವು. ಹೀಗಾಗಿ ಟಾರ್ಚನ್ನು ಉಳಿಸಿಕೊಂಡು ಎಲ್‌ಇಡಿಯನ್ನು ಮಾತ್ರ ಬದಲಿಸಲು ನಿರ್ಧರಿಸಿ, 16 ಮಿಲಿಮೀಟರ್ ಅಗಲದ ತಾಮ್ರದ ಬಿಲ್ಲೆಯ ಮೇಲೆ ಕೂರಿಸಿದ, ಜಪಾನಿನ ನಿಚಿಯಾ ಕಂಪನಿಯ 219ಬಿ ಎಂಬ ಎಲ್‌ಇಡಿಯನ್ನು ತರಿಸಿದೆ. ವಸ್ತುವಿನ ಬೆಲೆಗಿಂತ ಸಾಗಣೆಯ ಖರ್ಚೇ ಹೆಚ್ಚಾಯಿತು.

ನೀರು ಮೊದಲು ನುಂಗುವುದು ಕೆಂಪು ಬಣ್ಣವನ್ನು. ಹತ್ತು ಮೀಟರ್ ಇಳಿಯುವಷ್ಟರಲ್ಲಿ ಸೂರ್ಯನ ಬೆಳಕಿನ ಕೆಂಪು ಬಹುಪಾಲು ಕರಗಿಹೋಗಿರುವುದರಿಂದ, ಅಲ್ಲಿ ಕೆಂಪನ್ನು ಕಾಣಬೇಕಿದ್ದರೆ ಟಾರ್ಚೇ ಅದನ್ನು ಹೊತ್ತೊಯ್ಯಬೇಕು. ಸಾಮಾನ್ಯ ತಣ್ಣನೆಯ ಬಿಳಿ ಎಲ್‌ಇಡಿಗಳ ಸಿಆರ್‌ಐ, ಅಂದರೆ ಬಣ್ಣಗಳನ್ನು ಇದ್ದಂತೆ ತೋರಿಸುವ ಗುಣದ ಅಳತೆ, 70ರ ಆಸುಪಾಸಿನಲ್ಲಿದ್ದರೆ, ನಾನು ತರಿಸಿದ 4000 ಕೆಲ್ವಿನ್ ಛಾಯೆಯ, ಅಂದರೆ ತುಸು ಹಳದಿ ಬೆರೆತ ಬಿಳುಪಿನ, 219ಬಿಯದು 90ಕ್ಕೂ ಮೇಲೆ. ಇನ್ನೂ ಪ್ರಖರವಾದ, ಕ್ರೀ ಕಂಪನಿಯ ಎಕ್ಸ್‌ಎಂ-ಎಲ್ ಎಲ್‌ಇಡಿ ಹಾಕಬಹುದಿತ್ತಲ್ಲ ಎಂದು ಗೆಳೆಯರೊಬ್ಬರು ಕೇಳಿದರು. ಅದರ ಬೆಳಗುವ ಮೈ ದೊಡ್ಡದಾದ್ದರಿಂದ ಇಷ್ಟು ಚಿಕ್ಕ ರಿಫ್ಲೆಕ್ಟರಿನಲ್ಲಿ ಕಿರಣ ಹರಡಿಕೊಳ್ಳುತ್ತದೆ. ನೀರು ಸ್ವಲ್ಪ ಕದಡಿದ್ದರೂ ತೇಲುವ ಕಣಗಳೆಲ್ಲ ಹೊಳೆದು ಕಣ್ಣೆದುರು ಮಂಜು ಕವಿದಂತಾಗುತ್ತದೆ.

ಎಲ್‌ಇಡಿಗೆ ಹೋಗುವ ಕರೆಂಟನ್ನು ಹದದಲ್ಲಿಡುವ ಸರ್ಕ್ಯೂಟೇ ಡ್ರೈವರ್; ಟಾರ್ಚಿನ ಹಳೆಯ ಡ್ರೈವರ್ ಕೊಡುತ್ತಿದ್ದ ಕರೆಂಟನ್ನು ಮೊದಲು ಮಲ್ಟಿಮೀಟರಿನಲ್ಲಿ ಅಳೆದೆ. ಒಂದು ಆಂಪಿಯರ್ ಇತ್ತು. 219ಬಿ ಒಂದೂವರೆ ಆಂಪಿಯರ್‌ವರೆಗೆ ತಾಳುವುದರಿಂದ ಡ್ರೈವರನ್ನು ಮುಟ್ಟಬೇಕಾಗಲಿಲ್ಲ. ಬೆಸುಗೆ ಮಾತ್ರ ಸತಾಯಿಸಿತು. ತಾಮ್ರದ ಬಿಲ್ಲೆ ಬೆಸುಗೆಯ ಐರನ್ನಿನ ಕಾವನ್ನೆಲ್ಲ ಎಳೆದುಕೊಳ್ಳುವುದರಿಂದ, 25 ವ್ಯಾಟಿನ ಐರನ್ನಿಗೆ ಸೀಸ ಕರಗದೆ ಉಂಡೆಗಟ್ಟುತ್ತಿತ್ತು. 60 ವ್ಯಾಟಿನದನ್ನು ಎರವಲು ತಂದ ಮೇಲೆಯೇ ತಂತಿಗಳು ಕಚ್ಚಿಕೊಂಡವು. ಆದರೆ ಅದೇ ಗುಣ ಆಮೇಲೆ ಉಪಕಾರಕ್ಕೆ ಬರುತ್ತದೆ: ತೆಳುವಾಗಿ ಹಚ್ಚಿದ ಥರ್ಮಲ್ ಪೇಸ್ಟಿನ ಮೂಲಕ ಬಿಸಿ ಟಾರ್ಚಿನ ಮೈಗೂ ಅಲ್ಲಿಂದ ನೀರಿಗೂ ಬೇಗ ದಾಟುತ್ತದೆ. ಲೋಹದ ರಿಫ್ಲೆಕ್ಟರು ಬೆಸುಗೆಗೆ ತಾಗಿ ಶಾರ್ಟ್ ಆಗದಂತೆ ನಡುವೆ ಇಡುವ ಪ್ಲಾಸ್ಟಿಕ್ ಬಳೆಯನ್ನು ಮರೆಯಬಾರದು.

ನಿಜವಾದ ಪರೀಕ್ಷೆ ಎಲ್‌ಇಡಿಯದಲ್ಲ, ನೀರು ಒಳನುಗ್ಗದಂತೆ ತಡೆಯುವ ರಬ್ಬರಿನ ಬಳೆಯಾದ ಓ-ರಿಂಗಿನದು. ಸೆಲ್ ಹಾಕದೆ, ಒಳಗೆ ಟಿಶ್ಯೂ ಕಾಗದ ತುರುಕಿ, ಟಾರ್ಚನ್ನು ರಾತ್ರಿಯಿಡೀ ಬಕೆಟ್ಟಿನಲ್ಲಿ ಮುಳುಗಿಸಿಟ್ಟೆ. ಬೆಳಿಗ್ಗೆ ಕಾಗದದ ಒಂದು ಮೂಲೆ ಒದ್ದೆಯಾಗಿತ್ತು. ಭೂತಗನ್ನಡಿ ಹಿಡಿದು ನೋಡಿದರೆ, ಒರೆಸಿದ ಹತ್ತಿಬಟ್ಟೆಯ ಒಂದೇ ಎಳೆ ರಿಂಗಿನ ಮೇಲೆ ಅಡ್ಡ ಮಲಗಿತ್ತು. ರಿಂಗನ್ನು ತೆಗೆದು, ತೋಡನ್ನು ಶುಚಿಮಾಡಿ, ಸಿಲಿಕೋನ್ ಗ್ರೀಸನ್ನು ಮಿರುಗುವಷ್ಟು ಮಾತ್ರ ಸವರಿ ಮರುದಿನ ನೋಡಿದಾಗ ಕಾಗದ ಗರಿಗರಿಯಾಗಿತ್ತು. ಆಳದಲ್ಲಿ ನೀರಿನ ಒತ್ತಡವೇ ರಿಂಗನ್ನು ಬಿಗಿಯಾಗಿ ಅದುಮುವುದರಿಂದ, ಇಂಥ ಸಣ್ಣ ಸೋರಿಕೆ ಮೇಲ್ಮಟ್ಟದಲ್ಲಿಯೇ ಹೆಚ್ಚು ಕಾಡುವುದುಂಟು. ಬಕೆಟ್ಟಿನ ಪರೀಕ್ಷೆಯನ್ನು ಹಗುರವಾಗಿ ಕಾಣುವವರು ಇದನ್ನು ಗಮನಿಸಬೇಕು. ಹಾಗೆಂದು ಬಕೆಟ್ಟಿನಲ್ಲಿ ಗೆದ್ದದ್ದು ಆಳದಲ್ಲಿಯೂ ಗೆಲ್ಲುತ್ತದೆ ಎಂದಲ್ಲ, ಆದ್ದರಿಂದ ಮೊದಲ ಸಲ ಹಳೆಯ ಇನ್ನೊಂದು ಟಾರ್ಚನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡೇ ಇಳಿದೆ.

ಹದಿನಾಲ್ಕು ಮೀಟರ್ ಆಳದಲ್ಲಿ, ಹಿಂದೆ ಎಷ್ಟೋ ಬಾರಿ ಕಂಡಿದ್ದ ಅದೇ ಬಂಡೆಯ ಕೆಳಗೆ ಬೆಳಕು ಬಿಟ್ಟಾಗ, ಬೂದಿಯೆಂದುಕೊಂಡಿದ್ದ ಸ್ಪಂಜು ಕುಂಕುಮದ ಬಣ್ಣದಲ್ಲಿತ್ತು. ಆದರೆ ದೂರಕ್ಕೆ ಹೊಡೆಯುವ ಬೆಳಕು ಮೊದಲಿಗಿಂತ ತುಸು ಮಂದ ಎಂಬುದನ್ನು ಒಪ್ಪಲೇಬೇಕು. ಜೊತೆಗಾರರಿಗೆ ಸನ್ನೆ ಮಾಡಲು ಹಳೆಯದೇ ಮೇಲು. ಹಗಲು ಹೊತ್ತು ಬಂಡೆಗಳ ಸಂದಿ ಇಣುಕುವವರಿಗೆ ಇದನ್ನು ಧಾರಾಳವಾಗಿ ಹೇಳುತ್ತೇನೆ. ಟಾರ್ಚನ್ನು ಬಿಚ್ಚಿದರೆ ವಾರಂಟಿ ಹೋಗುತ್ತದೆ, ಹಾಗಾಗಿ ಹೊಸದನ್ನು ಬಿಚ್ಚಬೇಡಿ. ಹೊಸ ಓ-ರಿಂಗ್ ಎರಡನ್ನಾದರೂ ಜೊತೆಗೇ ತರಿಸಿಡಿ.