ಚಿತ್ರಕಾದಂಬರಿಗೆ ಯಾವುದು: ಚೋಮನೋ, ಫಣಿಯಮ್ಮನೋ?

ಮುಂಬೈಯಲ್ಲಿ ಚಿತ್ರಕಲೆ ಕಲಿಯುತ್ತಿರುವ ಕನ್ನಡದ ಹುಡುಗರು ಚಿತ್ರಕಾದಂಬರಿ, ಅಂದರೆ ಚೌಕ ಚೌಕವಾಗಿ ಚಿತ್ರಗಳಲ್ಲೇ ಕಥೆ ಹೇಳುವ ಪುಸ್ತಕ, ಮಾಡಲು ಈ ಎರಡು ಕಾದಂಬರಿಗಳಲ್ಲಿ ಒಂದನ್ನು ಆರಿಸಿಕೊಳ್ಳುವುದಾದರೆ, ನನ್ನ ಮತ ಕಾರಂತರ 'ಚೋಮನ ದುಡಿ'ಗೆ.

1933ರ ಈ ಕಾದಂಬರಿ ಚಿಕ್ಕದು, ಜಾಸ್ತಿ ಕತ್ತರಿಸಬೇಕಾಗಿಲ್ಲ. ಅನ್ಯಾಯ ಇಲ್ಲಿ ಕಣ್ಣಿಗೆ ಕಾಣುತ್ತದೆ. ಅಸ್ಪೃಶ್ಯನೆನಿಸಿಕೊಂಡ ಚೋಮನ ಮಗ ನೀಲ ನೀರಲ್ಲಿ ಮುಳುಗುವ ಪ್ರಸಂಗವನ್ನೇ ತಗೊಳ್ಳಿ. ದಡದಲ್ಲಿ ಜನ ಇದ್ದಾರೆ, ಮುಟ್ಟಿದರೆ ಮೈಲಿಗೆ ಅಂತ ಯಾರೂ ಇಳಿಯುವುದಿಲ್ಲ. ಮೇಲಿನ ಚೌಕದಲ್ಲಿ ಸಾಲಾಗಿ ನಿಂತ ಕಾಲುಗಳು, ಕೆಳಗೆ ಹುಡುಗನ ಕೈ. ಒಂದು ಮಾತೂ ಬೇಡ. ಕಷ್ಟ ಇರುವುದು ದುಡಿಯಲ್ಲಿ, ಅಂದರೆ ಚೋಮ ಬಾರಿಸುವ ಚರ್ಮವಾದ್ಯದಲ್ಲಿ. ಚೋಮನ ಸಿಟ್ಟು, ದುಃಖ ಎಲ್ಲ ಅದರಲ್ಲೇ ಇದೆ, ಕಾಗದಕ್ಕೆ ಸದ್ದಿಲ್ಲ. 'ಢಂ ಢಂ' ಅಂತ ಸುಮ್ನೆ ಬರೆದರೆ ಕೆಟ್ಟುಹೋಗುತ್ತದೆ. ಗೆರೆಯೇ ದಪ್ಪವಾಗುತ್ತಾ ಹೋಗಬೇಕು.

ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ನನಗೆ ಅಷ್ಟೇ ಪ್ರೀತಿಯ ಪುಸ್ತಕ. ಆದರೆ ಬಾಲವಿಧವೆಯ ಇಡೀ ಬದುಕು ಅದು, ಹೆಚ್ಚಿನದು ಮನೆಯೊಳಗೆ, ಮನಸ್ಸಿನೊಳಗೆ. ಒಂದೇ ಮುಖ ಬಾಲ್ಯದಿಂದ ಮುಪ್ಪಿನವರೆಗೆ ಗುರುತು ಸಿಗುವಂತೆ ಬರೆಯಲು ಪಳಗಿದ ಕೈ ಬೇಕು.

ಕಪ್ಪು ಬಿಳುಪು ಎರಡಕ್ಕೂ ಒಪ್ಪುತ್ತದೆ, ಅಚ್ಚಿನ ಖರ್ಚೂ ಕಡಿಮೆ. ಇಬ್ಬರೂ ಲೇಖಕರು ತೀರಿಕೊಂಡು 60 ವರ್ಷವಾಗಿಲ್ಲ, ಅಂದರೆ ಹಕ್ಕುಸ್ವಾಮ್ಯ ಇನ್ನೂ ಮುಗಿದಿಲ್ಲ. ಹಾಗಾಗಿ ಯಾವುದನ್ನೇ ಆರಿಸಿದರೂ ಮೊದಲು ಹಕ್ಕುದಾರರ ಒಪ್ಪಿಗೆ ಬರಹದಲ್ಲಿ ಪಡೆಯಿರಿ.